ಅಜ್ಜ-ಅಜ್ಜಿಯರ ಕೈಗೆ ವಾಚು ಕಟ್ಟುವ ಮುನ್ನ: ಉಡುಪಿಯ ಹಳ್ಳಿಗಳಲ್ಲಿ ಮರೆವಿನ ಅಧ್ಯಯನ ಮಾಡಿದ ಅನುಭವ

ಉಡುಪಿ ಜಿಲ್ಲೆಯ ಹಳ್ಳಿಗಳಲ್ಲಿ ನನ್ನ ಪಿಎಚ್‌ಡಿಯ ಫೀಲ್ಡ್ ಕೆಲಸ ಈಗಷ್ಟೇ ಮುಗಿಯಿತು. ವಯಸ್ಸಾದಂತೆ ಮೆದುಳು ಹೇಗೆ ಬದಲಾಗುತ್ತದೆ, ಡಿಮೆನ್ಷಿಯಾದ (ಮರೆವಿನ ಕಾಯಿಲೆಯ) ಸುಳಿವು ನಡಿಗೆ, ನಿದ್ದೆ, ದಿನಚರಿಗಳಲ್ಲಿ ಮೊದಲೇ ಕಾಣಿಸುತ್ತದೆಯೇ ಎನ್ನುವುದು ನನ್ನ ವಿಷಯ. ಅರವತ್ತು ದಾಟಿದವರ ಮಣಿಕಟ್ಟಿಗೆ ಚಲನೆ ಅಳೆಯುವ ಪುಟ್ಟ ಸಾಧನ ಕಟ್ಟುವುದು, ಟ್ಯಾಬ್ಲೆಟ್‌ನಲ್ಲಿ ನೆನಪಿನ ಪರೀಕ್ಷೆ ಮಾಡಿಸುವುದು, ಮನೆಯವರ ಹತ್ತಿರ ಮಾತಾಡುವುದು. ಹೇಳಲಿಕ್ಕೆ ಇಷ್ಟೇ. ಆದರೆ ಮೊದಲ ಮನೆಯ ಜಗಲಿಯಲ್ಲಿ ಕೂರುವ ಹೊತ್ತಿಗೆ ಒಂದು ವರ್ಷಕ್ಕೂ ಜಾಸ್ತಿ ಕಾಗದಪತ್ರದಲ್ಲೇ ಹೋಗಿತ್ತು. ಇದೇ ದಾರಿಗೆ ಇಳಿಯುತ್ತಿರುವ ಕಿರಿಯರು ಆಗಾಗ ಕೇಳುತ್ತಾರೆ, ಏನೆಲ್ಲ ಬೇಕು, ಎಲ್ಲಿ ತಡವಾಗುತ್ತದೆ ಅಂತ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ವಿಷಯ ಯಾಕೆ ಅಂತ ಹೇಳಬೇಕು. ಯಾಕೆಂದರೆ ಸಮಿತಿಗಳಲ್ಲಿ ಮೊದಲು ಕೇಳುವುದೂ ಅದನ್ನೇ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ ಎಂದು 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಎಂಬ ದೇಶವ್ಯಾಪಿ ಅಧ್ಯಯನ ಅಂದಾಜಿಸಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಗಳಲ್ಲಿ ಹೆಚ್ಚು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಐಐಎಸ್‌ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಹಳ್ಳಿಯ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸುವ ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. ಕರಾವಳಿಯ ಕತೆ ಬೇರೆ. ಇಲ್ಲಿ ಒಂದೇ ಮನೆಯಲ್ಲಿ ತುಳು, ಕನ್ನಡ, ಕೊಂಕಣಿ ಮೂರೂ ಓಡಾಡುತ್ತವೆ. ನಿಮ್ಹಾನ್ಸ್‌ನ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನಲ್ಲಿ ಡಿಮೆನ್ಷಿಯಾ ಇದ್ದ 648 ಜನರ ದಾಖಲೆ ನೋಡಿದ್ದರು. ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು ಎಂದು 2013ರಲ್ಲಿ ಬರೆದರು. ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸ ಕಂಡಿತ್ತು. ಅದನ್ನು ಓದಿದ ಮೇಲೆ ನಮ್ಮ ಊರಿನ ಅಜ್ಜಿಯಂದಿರನ್ನು ಬಿಟ್ಟು ಬೇರೆ ಕಡೆ ಹೋಗಲು ಮನಸ್ಸಾಗಲಿಲ್ಲ.

ಮೊದಲ ಮೆಟ್ಟಿಲು ಎಥಿಕ್ಸ್ ಕಮಿಟಿ, ಅಂದರೆ ಭಾಗವಹಿಸುವವರಿಗೆ ಅನ್ಯಾಯ ಆಗದಂತೆ ನೋಡುವ ಸಮಿತಿ. ಅದಕ್ಕೂ ಮುಂಚೆ ವಿಭಾಗದ ವೈಜ್ಞಾನಿಕ ಸಮಿತಿ ಇರುತ್ತದೆ. ಅಲ್ಲಿ ಒಪ್ಪಿಗೆ ಸಿಗದೆ ಎಥಿಕ್ಸ್‌ಗೆ ಕಡತ ಹೋಗುವುದಿಲ್ಲ. ಕಡತದಲ್ಲಿ ಪ್ರೋಟೋಕಾಲ್ (ಅಧ್ಯಯನದ ಪೂರ್ತಿ ಯೋಜನೆ), ಗೈಡ್ ಮತ್ತು ನನ್ನ ಬಯೋಡೇಟಾ, ಜಿಸಿಪಿ (ಜನರ ಮೇಲೆ ಸಂಶೋಧನೆ ಮಾಡುವ ಸರಿಯಾದ ಕ್ರಮ) ತರಬೇತಿಯ ಪ್ರಮಾಣಪತ್ರ, ಖರ್ಚಿನ ಪಟ್ಟಿ, ಪ್ರಶ್ನಾವಳಿಗಳು, ಅವನ್ನು ಬಳಸಲು ಅನುಮತಿ ಪತ್ರ, ಮಾಹಿತಿ ಪತ್ರ, ಒಪ್ಪಿಗೆ ಪತ್ರ ಎಲ್ಲ ಇರಬೇಕು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಂದು, ಅದನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎರಡೂ ಹೊಂದುತ್ತವೆ ಎಂದು ಅನುವಾದಕರ ಸಹಿ ಹಾಕಿಸಬೇಕು. ಕಮಿಟಿ ದಿನಾ ಕೂರುವುದಿಲ್ಲ. ಒಂದು ಸಭೆಯ ಕೊನೆಯ ದಿನಾಂಕ ತಪ್ಪಿದರೆ ಮುಂದಿನದಕ್ಕೇ ಕಾಯಬೇಕು. ಸಭೆಗಳ ದಿನಾಂಕ ವರ್ಷದ ಆರಂಭದಲ್ಲೇ ಕೇಳಿ ಗೋಡೆಗೆ ಅಂಟಿಸಿಕೊಳ್ಳಿ.

ಕಮಿಟಿಯಿಂದ ಬಂದ ಪ್ರಶ್ನೆಗಳು ನನ್ನನ್ನು ಬಹಳ ಯೋಚನೆಗೆ ಹಚ್ಚಿದವು. ನೆನಪು ಕಡಿಮೆಯಾಗುತ್ತಿರುವವರಿಂದ ಒಪ್ಪಿಗೆ ಪಡೆಯುವುದು ಹೇಗೆ? ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ತಾವೇ ನಿರ್ಧರಿಸಲು ಆಗದವರ ಪರವಾಗಿ ಕಾನೂನು ಒಪ್ಪುವ ಪ್ರತಿನಿಧಿ ಸಹಿ ಹಾಕಬೇಕು. ಓದಲು ಬಾರದವರಾದರೆ ಅಧ್ಯಯನಕ್ಕೆ ಸಂಬಂಧ ಇಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡು ಸಹಿ ಮಾಡಬೇಕು. ಇದು ಪುಸ್ತಕದಲ್ಲಿ ಸುಲಭ. ಇಲ್ಲಿ ಎಷ್ಟೋ ಮನೆಗಳಲ್ಲಿ ಇರುವುದು ವಯಸ್ಸಾದ ಗಂಡ-ಹೆಂಡತಿ ಇಬ್ಬರೇ. ಮಗ ದುಬೈಯಲ್ಲಿ, ಮಗಳು ಮುಂಬೈಯಲ್ಲಿ. ವಿಡಿಯೋ ಕರೆಯಲ್ಲಿ ಮಗನಿಗೆ ವಿವರಿಸಿದರೆ ಸಾಕೇ, ಸಹಿ ಮಾಡಿದ ಮೂಲ ಪ್ರತಿ ಬೇಕೇ ಎಂದು ಮೊದಲೇ ಕಮಿಟಿಯಿಂದ ಲಿಖಿತವಾಗಿ ತಿಳಿದುಕೊಳ್ಳಿ. ನಮ್ಮ ಕಮಿಟಿ ವಿಡಿಯೋ ವಿವರಣೆ ಒಪ್ಪಿತು. ಆದರೆ ಮೂಲ ಪ್ರತಿ ಬೇಕೇ ಬೇಕು ಎಂದಿತು. ಕೊರಿಯರ್‌ಗೆ ಕಾದ ಮನೆಗಳು ಕೆಲವಿದ್ದವು.

ಇನ್ನೊಂದು ಪ್ರಶ್ನೆ: ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಏನು ಮಾಡುತ್ತೀರಿ? ಹೀಗೆ ಕೇಳಿದ್ದು ಕಮಿಟಿಯಲ್ಲಿ ಜನಸಾಮಾನ್ಯರ ಪರವಾಗಿ ಕೂರುವ ಸದಸ್ಯರು. ಸುಮ್ನೆ ಅಂಕ ಬರೆದುಕೊಂಡು ಎದ್ದು ಬರುವ ಹಾಗಿಲ್ಲ, ಅಲ್ವಾ? ಹಾಗಾಗಿ ನರರೋಗ ತಜ್ಞರ ಜೊತೆ ಮಾತಾಡಿ, ಅಂಥವರನ್ನು ಅವರ ಬಳಿಗೆ ಕಳುಹಿಸುವ ವ್ಯವಸ್ಥೆಯನ್ನು ಪ್ರೋಟೋಕಾಲ್‌ನಲ್ಲೇ ಬರೆದೆವು. ಆ ಒಂದು ಪ್ಯಾರಾ ಮುಂದೆ ನಮ್ಮನ್ನು ಮನೆಮನೆಯಲ್ಲೂ ಕಾಪಾಡಿತು.

ಮೂರನೆಯದು ಡೇಟಾ. ಮಾರುಕಟ್ಟೆಯ ಸ್ಮಾರ್ಟ್‌ವಾಚ್‌ಗಳ ಮಾಹಿತಿ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಆ ಸರ್ವರ್ ಯಾವ ದೇಶದಲ್ಲಿದೆ ಎಂದು ಕೇಳಿದಾಗ ಉತ್ತರ ಕೊಡುವುದು ಕಷ್ಟ. ಜೊತೆಗೆ ವಿದೇಶಿ ಸಂಸ್ಥೆಯ ಸಹಯೋಗ ಇದ್ದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಅನುಮತಿಯೂ ಬೇಕು, ಅದು ಪ್ರತ್ಯೇಕ ಕಾಯುವಿಕೆ. ನಾನು ಆರಿಸಿಕೊಂಡದ್ದು ಮಾಹಿತಿಯನ್ನು ತನ್ನೊಳಗೇ ಇಟ್ಟುಕೊಳ್ಳುವ, ಯುಎಸ್‌ಬಿ ತಂತಿಯಿಂದಷ್ಟೇ ಇಳಿಸಬಹುದಾದ ಸಾಧನ. ಜಿಪಿಎಸ್ ಇಲ್ಲ, ಬ್ಲೂಟೂತ್ ಇಲ್ಲ, ಪರದೆಯೂ ಇಲ್ಲ. ಇಂಥದ್ದನ್ನೇ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ದೊಡ್ಡ ಆರೋಗ್ಯ ಅಧ್ಯಯನ 2013ರಿಂದ 2015ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಏಳು ದಿನಗಳ ಕಾಲ ಕಟ್ಟಿತ್ತು. ದಿನಾ ಚಾರ್ಜ್ ಮಾಡುವ ರಗಳೆ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ದಿನಗಟ್ಟಲೆ ಬಾರದ ಹೆಬ್ರಿ ಕಡೆಯ ಮನೆಗಳಲ್ಲಿ ಇದೇ ಸರಿ.

ಪರೀಕ್ಷೆಗಳ ಆಯ್ಕೆಯಲ್ಲಿ ಹಣವೂ ಬರುತ್ತದೆ, ನ್ಯಾಯವೂ ಬರುತ್ತದೆ. ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ನೆನಪಿನ ಪರೀಕ್ಷೆ ಎಂಎಂಎಸ್‌ಇ 1975ರದ್ದು. ಅದಕ್ಕೆ ಕಾಪಿರೈಟ್ ಇದೆ, ಪ್ರತಿ ನಮೂನೆಗೂ ದುಡ್ಡು. ಅಂಥದ್ದೇ ಇನ್ನೊಂದಾದ ಮೋಕಾ ಪರೀಕ್ಷೆ ಕನ್ನಡದಲ್ಲೂ ಇದೆ. ಆದರೆ ಅದನ್ನು ಮಾಡಿಸುವವರು ಆನ್‌ಲೈನ್ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯಬೇಕು, ಶುಲ್ಕ ಡಾಲರ್‌ನಲ್ಲಿ. ನಮ್ಮ ಖರ್ಚಿನ ಪಟ್ಟಿಯಲ್ಲಿ ಆ ಸಾಲು ಸೇರಿಸಲು ಲೆಕ್ಕಪತ್ರ ವಿಭಾಗದ ಹತ್ತಿರ ಬಹಳ ಓಡಾಡಬೇಕಾಯಿತು. ಐಸಿಎಂಆರ್‌ನ ನ್ಯೂರೋ ಕಾಗ್ನಿಟಿವ್ ಟೂಲ್ ಬಾಕ್ಸ್ ಎಂಬ ಪರೀಕ್ಷೆಗಳ ಗುಚ್ಛ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆ ಕನ್ನಡದಲ್ಲೂ ತಯಾರಾಗಿದೆ. ಹೊಸದಾಗಿ ಶುರು ಮಾಡುವವರು ಮೊದಲು ಅದನ್ನು ನೋಡಿ. ಶಾಲೆ ಮೆಟ್ಟಿಲು ಹತ್ತದವರಿಗೆ ಗಡಿಯಾರ ಬಿಡಿಸು, ಘನಾಕೃತಿ ನಕಲು ಮಾಡು ಎಂದರೆ ಅಂಕ ಬಾರದೆ ಇರುವುದಕ್ಕೆ ಮರೆವೇ ಕಾರಣ ಆಗಬೇಕಿಲ್ಲ. ಅವರು ಪೆನ್ಸಿಲ್ ಹಿಡಿದೇ ಇಲ್ಲ. ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ಅಕ್ಷರ ಬಾರದ ಹಿರಿಯರಿಗಾಗಿಯೇ ಹಿಂದಿ ಪರೀಕ್ಷೆಯೊಂದನ್ನು ರೂಪಿಸಿದ್ದು ಈ ಕಾರಣಕ್ಕೇ.

ತುಳುವಿನ ವಿಷಯ ಬಂದಾಗ ಕೆಲಸ ನಿಂತೇ ಹೋಯಿತು. ಕಾರ್ಕಳ, ಕಾಪು ಕಡೆಯ ಹಿರಿಯರು ಕನ್ನಡ ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ಯೋಚಿಸುವುದು ತುಳುವಿನಲ್ಲಿ. ಒಪ್ಪಿಗೆಯ ವಿವರಣೆಯನ್ನು ಕನ್ನಡ ಲಿಪಿಯಲ್ಲಿ ತುಳುವಿನಲ್ಲಿ ಬರೆಸಿದೆವು. ಅದಕ್ಕೆ ಮತ್ತೊಂದು ಸುತ್ತಿನ ಅನುಮೋದನೆ. ಅನುವಾದಕರಿಗೆ ಕೊಡುವ ಹಣ ಬಜೆಟ್‌ನಲ್ಲಿ ಇರಲಿಲ್ಲ, ಕೈಯಿಂದಲೇ ಕೊಟ್ಟೆ. ತಿಂಗಳು ಯಾವುದು ಎಂಬ ಪ್ರಶ್ನೆಗೆ ಅಜ್ಜಿಯೊಬ್ಬರು ತಟ್ಟನೆ 'ಸೋಣ' ಎಂದರು. ಅವರ ಉತ್ತರ ಸರಿ, ಸೋಣ ಸಂಕ್ರಮಣ ಕಳೆದು ಕೆಲವೇ ದಿನ ಆಗಿತ್ತು. ಆದರೆ ಅಂಕದ ಹಾಳೆಯಲ್ಲಿ ಇದ್ದದ್ದು ಆಗಸ್ಟ್. ತುಳು ತಿಂಗಳು, ಸಂಕ್ರಮಣ, ಹಬ್ಬದ ಲೆಕ್ಕ ಹೇಳಿದರೂ ಸರಿ ಎಂದು ಅಂಕ ಕೊಡುವ ನಿಯಮವನ್ನು ಬರೆದು, ತಜ್ಞರಿಂದ ಒಪ್ಪಿಸಿ, ಎಲ್ಲ ಮನೆಗಳಿಗೂ ಒಂದೇ ರೀತಿ ಅನ್ವಯಿಸಿದೆವು. ಇದನ್ನು ಅಧ್ಯಯನದ ಮಧ್ಯದಲ್ಲಿ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಪ್ರೋಟೋಕಾಲ್ ಬರೆಯುವ ಮುಂಚೆಯೇ ಪರಿಚಯದ ಕೆಲವು ಹಿರಿಯರ ಹತ್ತಿರ ಕೂತು ಪ್ರಶ್ನೆಗಳನ್ನು ಓದಿ ನೋಡಿ.

ಸಾಧನಗಳ ಖರೀದಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂರು ಕೊಟೇಶನ್ ಬೇಕು ಎನ್ನುತ್ತಾರೆ, ಮಾರುವವರು ಒಬ್ಬರೇ ಇರುತ್ತಾರೆ. ಆಗ ಬೇರೆ ಯಾರೂ ಇದನ್ನು ಮಾಡುವುದಿಲ್ಲ ಎಂಬ ಪತ್ರ ತಯಾರಕರಿಂದ ತರಿಸಬೇಕು. ಹೊರದೇಶದಿಂದ ಬರುವ ಪೆಟ್ಟಿಗೆಗೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರ್‌ನವರ ನಿರ್ವಹಣಾ ಶುಲ್ಕ ಸೇರುತ್ತವೆ. ಬರೀ ಸಾಧನದ ಬೆಲೆ ಬರೆದರೆ ಹಣ ಸಾಲುವುದಿಲ್ಲ. ಈ ಮಧ್ಯೆ ಸಿಟಿಆರ್‌ಐ (ದೇಶದ ವೈದ್ಯಕೀಯ ಅಧ್ಯಯನಗಳ ದಾಖಲೆ ಪಟ್ಟಿ) ನೋಂದಣಿ ಮುಗಿಸಿಕೊಳ್ಳಿ. ಅದು ಉಚಿತ, ಆನ್‌ಲೈನ್. ಆದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಆಗಬೇಕು. 2018ರ ಏಪ್ರಿಲ್‌ನಿಂದ ಆಮೇಲೆ ಮಾಡುತ್ತೇನೆ ಎಂದರೆ ಒಪ್ಪುವುದಿಲ್ಲ.

ಹಳ್ಳಿಗೆ ಇಳಿದಾಗ ಎದುರಾದ ಅಡ್ಡಿ ನಾವು ಯಾರೂ ಎಣಿಸಿರಲಿಲ್ಲ. ಹೆಬ್ಬೆಟ್ಟು. ಓದಲು ಬಾರದವರು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡು ಜಾಗ ಬರೆಸಿಕೊಂಡ ಕತೆ ಪ್ರತಿ ಊರಲ್ಲೂ ಒಂದಿದೆ. ಒಂದು ಮನೆಯಲ್ಲಿ ಅಜ್ಜಿ ಇಂಕ್ ಪ್ಯಾಡ್ ಕಂಡ ಕೂಡಲೇ ಕೈ ಸೆರಗಿನೊಳಗೆ ಸೇರಿಸಿಕೊಂಡರು. ಮೊಮ್ಮಗ ನಮ್ಮನ್ನು ಅಂಗಳದಿಂದಲೇ ಕಳಿಸಿದ. ನನಗೆ ಬೇಸರವಾಯಿತು, ಆದರೆ ಆ ಭಯ ನ್ಯಾಯವಾದದ್ದು. ಆಮೇಲೆ ಆಶಾ ಕಾರ್ಯಕರ್ತೆಯ ಜೊತೆ ಹೋದೆವು, ಪಂಚಾಯತ್‌ಗೆ ಮೊದಲೇ ಪತ್ರ ಕೊಟ್ಟೆವು, ಒಪ್ಪಿಗೆ ಪತ್ರದ ಒಂದು ಪ್ರತಿಯನ್ನು ಮೊದಲ ದಿನ ಮನೆಯಲ್ಲೇ ಬಿಟ್ಟು ಬಂದೆವು. ಮನೆಯವರು ತಮಗೆ ನಂಬಿಕೆ ಇರುವವರಿಗೆ, ಶಾಲೆಯ ಟೀಚರ್‌ಗೋ ಹಾಲಿನ ಸೊಸೈಟಿಯ ಸೆಕ್ರೆಟರಿಗೋ ತೋರಿಸಿ ಓದಿಸಿಕೊಂಡರು. ಸಹಿ ಎರಡನೇ ಭೇಟಿಯಲ್ಲಿ. ಎಷ್ಟೋ ಮನೆಗಳಲ್ಲಿ ಆ ಟೀಚರೇ ಸಾಕ್ಷಿಯಾಗಿ ಕೂತರು. ನಿಮ್ಮ ವೇಳಾಪಟ್ಟಿಯಲ್ಲಿ ಪ್ರತಿ ಮನೆಗೂ ಎರಡು ಭೇಟಿಯ ಲೆಕ್ಕ ಇರಲಿ.

ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಹೊಸಬರನ್ನು ಸೇರಿಸಿಕೊಳ್ಳಲು ಹೋಗಬೇಡಿ. ಮಳೆ ಒಂದು ಕಾರಣ. ಆಟಿಯಲ್ಲಿ ಹೊಸದೇನೂ ಶುರು ಮಾಡುವುದು ಬೇಡ ಎಂಬ ನಂಬಿಕೆ ಇನ್ನೊಂದು. ಆ ಸಮಯವನ್ನು ಡೇಟಾ ಶುಚಿ ಮಾಡಲು ಇಟ್ಟುಕೊಳ್ಳಿ.

ಸಾಧನ ಕಟ್ಟಿಸಿಕೊಂಡವರ ಅಂಕಿಗಳು ಬರತೊಡಗಿದಾಗ ನಿಜವಾದ ಪಾಠ ಶುರುವಾಯಿತು. ಮಣಿಕಟ್ಟಿನ ಸಾಧನಕ್ಕೆ ಗೊತ್ತಾಗುವುದು ಕೈಯ ಚಲನೆ ಮಾತ್ರ. ಬೀಡಿ ಕಟ್ಟುವ ಹೆಂಗಸರು ಬೆಳಗಿನಿಂದ ಸಂಜೆವರೆಗೆ ಚಾಪೆಯ ಮೇಲೆ ಕೂತೇ ಇರುತ್ತಾರೆ, ಕೈ ಮಾತ್ರ ನಿಲ್ಲುವುದಿಲ್ಲ. ಗ್ರಾಫ್ ನೋಡಿದರೆ ಇಡೀ ದಿನ ಓಡಾಡಿಕೊಂಡಿದ್ದ ಹಾಗೆ. ಶಂಕರಪುರದ ಕಡೆ ಮಲ್ಲಿಗೆ ಕಟ್ಟುವವರದ್ದೂ ಹಾಗೆಯೇ. ಮತ್ತೊಬ್ಬರ ದಾಖಲೆಯಲ್ಲಿ ಒಂದು ರಾತ್ರಿ ಪೂರ್ತಿ ನಿದ್ದೆಯೇ ಇಲ್ಲ, ಮರುದಿನ ಮಧ್ಯಾಹ್ನದವರೆಗೆ ನಿದ್ದೆ. ಹಗಲು-ರಾತ್ರಿಯ ಲಯ ಕೆಡುವುದು ಡಿಮೆನ್ಷಿಯಾದಲ್ಲಿ ಕಾಣುವ ಸಂಗತಿ, ಆದ್ದರಿಂದ ಕಂಪ್ಯೂಟರ್ ಅದನ್ನು ಎತ್ತಿ ತೋರಿಸಿತು. ಮನೆಗೆ ಫೋನ್ ಮಾಡಿ ಕೇಳಿದರೆ ಅಜ್ಜ ಯಕ್ಷಗಾನದ ಆಟ ನೋಡಲು ಹೋಗಿದ್ದರು, ಬೆಳಗಿನವರೆಗೆ ಪೂರ್ತಿ ಪ್ರಸಂಗ ನೋಡಿ ಬಂದಿದ್ದರು. ನವೆಂಬರಿನಿಂದ ಮೇ ಕೊನೆಯ ವಾರದ ಪತ್ತನಾಜೆಯವರೆಗೆ ಆಟ, ಭೂತಕೋಲ, ಜಾತ್ರೆ ಇದ್ದೇ ಇರುತ್ತವೆ. ಹಾಗಾಗಿ ಮನೆಯವರಿಗೆ ಒಂದು ದಿನಚರಿ ಹಾಳೆ ಕೊಟ್ಟೆವು. ಮಲಗಿದ್ದು, ಎದ್ದದ್ದು, ಕೂತು ಮಾಡಿದ ಕೈಕೆಲಸ, ಹೊರಗೆ ಹೋದದ್ದು, ಎಣ್ಣೆಸ್ನಾನಕ್ಕೆ ಪಟ್ಟಿ ಬಿಚ್ಚಿದ್ದು ಎಲ್ಲಕ್ಕೂ ಚಿತ್ರವಿರುವ ಚೌಕ. ಗುರುತು ಹಾಕಿದರೆ ಸಾಕು. ಸಾಧನಗಳಿಗೆ ಬರೆದಷ್ಟೇ ಹಣವನ್ನು ಮನೆಗೆ ಹೋಗಿ ಮಾತಾಡುವ ತುಳು ಬಲ್ಲ ಸಹಾಯಕರಿಗೂ ಬರೆಯಿರಿ ಎಂದು ನಾನು ಎಲ್ಲರಿಗೂ ಹೇಳುವುದು ಇದನ್ನೆಲ್ಲ ನೋಡಿದ ಮೇಲೆಯೇ. ಆ ಮನುಷ್ಯನ ದಿನ ಹೇಗೆ ಹೋಯಿತು ಎಂದು ಗೊತ್ತಿಲ್ಲದಿದ್ದರೆ ಆ ಗ್ರಾಫ್‌ನಿಂದ ಏನೂ ಹೇಳಲು ಆಗುವುದಿಲ್ಲ.

ಸಣ್ಣ ವಿಷಯಗಳೂ ಇವೆ. ಕರಾವಳಿಯ ಬೆವರಿಗೆ ರಬ್ಬರ್ ಪಟ್ಟಿ ತುರಿಕೆ ತರುತ್ತದೆ, ಬಟ್ಟೆಯ ಪಟ್ಟಿ ಒಳ್ಳೆಯದು. ಅಡಿಕೆ ಸುಲಿದು, ಗದ್ದೆ ಕೆಲಸ ಮಾಡಿ ಒರಟಾದ ಬೆರಳಿಗೆ ಟ್ಯಾಬ್ಲೆಟ್ ಪರದೆ ಸ್ಪಂದಿಸುವುದಿಲ್ಲ. ನಾವು ಸ್ಟೈಲಸ್ ಕೊಟ್ಟೆವು, ಅಭ್ಯಾಸದ ಸುತ್ತು ಮುಗಿದ ಮೇಲಷ್ಟೇ ಅಂಕ ಕೊಡುವ ಸುತ್ತು. ಕನ್ನಡಕ, ಕಿವಿಯ ಯಂತ್ರ ಇದ್ದವರು ಹಾಕಿಕೊಂಡಿದ್ದಾರಾ ನೋಡಿ. ಖಿನ್ನತೆ, ಥೈರಾಯ್ಡ್ ಕೊರತೆ, ಬಿ12 ಕೊರತೆ ಕೂಡ ಮರೆವಿನ ಹಾಗೆಯೇ ಕಾಣಬಹುದು, ಅದನ್ನು ವೈದ್ಯರು ನೋಡಬೇಕು. ಆ್ಯಪ್ ನೆಟ್‌ವರ್ಕ್ ಇಲ್ಲದೆಯೂ ನಡೆಯುವಂತಿರಲಿ. ಬೀಡಿ ಕಟ್ಟುವವರ ಅರ್ಧ ದಿನ ತೆಗೆದುಕೊಂಡರೆ ಅವರ ಅರ್ಧ ದಿನದ ಕೂಲಿ ಹೋಗುತ್ತದೆ. ಆ ನಷ್ಟ ತುಂಬಿಕೊಡಲು ಐಸಿಎಂಆರ್ ಮಾರ್ಗಸೂಚಿಯಲ್ಲಿ ಅವಕಾಶ ಇದೆ, ಆಮಿಷ ಎನಿಸುವಷ್ಟು ಕೊಡಬಾರದು ಅಷ್ಟೆ.

ಬ್ರಹ್ಮಾವರ ಕಡೆಯ ಒಂದು ಮನೆಯ ಬಗ್ಗೆ ಹೇಳದೆ ಇರಲಾರೆ. ನಿವೃತ್ತ ಶಿಕ್ಷಕಿ, ಜೊತೆಗೆ ಗಂಡ. ಪ್ರಶ್ನೆ ಕೇಳಿದರೆ ಉತ್ತರ ಗಂಡನಿಂದ ಬರುತ್ತಿತ್ತು. ಪ್ರೀತಿಯಿಂದಲೇ. ಹೆಂಡತಿ ತಡವರಿಸುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ನಿಯಮದ ಪ್ರಕಾರ ಪರೀಕ್ಷೆಯ ಹೊತ್ತಿಗೆ ಬೇರೆಯವರು ಮಾತಾಡಬಾರದು, ಹಾಗಾಗಿ ಅವರನ್ನು ಹೊರಗೆ ಕೂರಲು ಕೇಳಿಕೊಂಡೆವು. ಐದು ಪದ ಹೇಳಿ, ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳುವ ಭಾಗ ಬಂತು. ಅವರು ಬಹಳ ಹೊತ್ತು ಯೋಚಿಸಿ, 'ನನಗೆ ಗೊತ್ತುಂಟು ಮಾರಾಯ್ರೆ, ಕೆಲವು ಸಮಯದಿಂದ ಹೀಗೆ ಆಗ್ತಾ ಉಂಟು. ಅವರಿಗೆ ಹೇಳಿಲ್ಲ' ಎಂದರು. ಹೊರಗೆ ಕೂತ ಗಂಡನಿಗೂ ಗೊತ್ತಿತ್ತು, ಅವರೂ ಹೇಳಿರಲಿಲ್ಲ. ನಾನು ಸಂಶೋಧಕಿ, ವೈದ್ಯೆ ಅಲ್ಲ. ಇದು ಪರೀಕ್ಷೆಯ ಅಂಕ ಮಾತ್ರ, ಕಾಯಿಲೆ ಇದೆಯೋ ಇಲ್ಲವೋ ಎನ್ನುವುದನ್ನು ತಜ್ಞರು ಹೇಳಬೇಕು ಎಂದು ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಪ್ರೋಟೋಕಾಲ್‌ನಲ್ಲಿದ್ದ ವ್ಯವಸ್ಥೆಯ ಪ್ರಕಾರ ದಿನ ಗೊತ್ತು ಮಾಡಿ ಕಳುಹಿಸಿದೆವು. ಆ ದಿನ ಬಸ್ಸಿನಲ್ಲಿ ವಾಪಸ್ ಬರುವಾಗ ಕಣ್ಣು ತುಂಬಿ ಬಂತು. ಇಂಥ ದಿನಗಳು ಬರುತ್ತವೆ. ಗೈಡ್ ಹತ್ತಿರವೋ ಜೊತೆಗಾರರ ಹತ್ತಿರವೋ ಮಾತಾಡಿ, ಒಬ್ಬರೇ ಹೊತ್ತುಕೊಳ್ಳಬೇಡಿ.

ಎಲ್ಲ ಮುಗಿದ ಮೇಲೆ ಪ್ರತಿ ಮನೆಗೂ ಹೋಗಿ ಒಂದು ಪುಟದ ವರದಿ ಕೊಟ್ಟೆವು. ನಿದ್ದೆ, ಓಡಾಟ, ರಕ್ತದೊತ್ತಡ ಮಾತ್ರ, ಗ್ರಾಫ್ ಇಲ್ಲದೆ, ದೊಡ್ಡ ಅಕ್ಷರದಲ್ಲಿ. ಮಕ್ಕಳು ಕೇಳಿದ ಪ್ರಶ್ನೆ ಹೆಚ್ಚು ಕಡಿಮೆ ಒಂದೇ, 'ನಮಗೂ ಬರುತ್ತದಾ?' ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಬದಲಾಯಿಸಬಹುದಾದ 14 ಅಂಶಗಳನ್ನು ಹೇಳಿದೆ, ಅವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಶೇ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅಂದಾಜಿಸಿದೆ. ಕಿವಿ ಕೇಳಿಸದಿರುವುದು, ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನ, ಚಿಕಿತ್ಸೆ ಇಲ್ಲದ ಕಣ್ಣಿನ ತೊಂದರೆ ಅದರಲ್ಲಿವೆ. ಇದನ್ನೇ ಸರಳವಾಗಿ ಹೇಳಿದೆ. ವರದಿಯ ಕೆಳಗೆ ಎರಡು ಸಂಖ್ಯೆ ಅಚ್ಚು ಹಾಕಿಸಿದ್ದೆವು: ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416. ನೋಡಿಕೊಳ್ಳುವವರೇ ದಣಿದಿರುವ ಮನೆಗಳಿಗೆ ಎರಡನೆಯದು ಬೇಕಾಗುತ್ತದೆ.

ಇನ್ನು ಉಳಿದದ್ದು ಎಥಿಕ್ಸ್ ಕಮಿಟಿಗೆ ಮುಕ್ತಾಯ ವರದಿ, ಸಿಟಿಆರ್‌ಐ ಪುಟದಲ್ಲಿ ಸ್ಥಿತಿ ಬದಲಾಯಿಸುವುದು, ಒಪ್ಪಿಗೆ ಪತ್ರಗಳನ್ನು ಬೀಗ ಹಾಕಿದ ಕಪಾಟಿನಲ್ಲಿ ಇಡುವುದು. ಎಷ್ಟು ವರ್ಷ ಇಡಬೇಕು ಎಂಬುದನ್ನು ನಿಮ್ಮ ಕಮಿಟಿಯಿಂದ ಬರೆಸಿಕೊಳ್ಳಿ. ನಮ್ಮ ಮಳೆಗಾಲದ ತೇವಕ್ಕೆ ಕಾಗದ ಬೂಸ್ಟು ಹಿಡಿಯುತ್ತದೆ, ಇಂಕಿನ ಹೆಬ್ಬೆಟ್ಟು ಹರಡುತ್ತದೆ. ಪ್ಲಾಸ್ಟಿಕ್ ಕವರ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಮೇ ಮುಗಿಯುವ ಮೊದಲೇ ಸ್ಕ್ಯಾನ್ ಮಾಡಿಸಿಕೊಳ್ಳಿ.